ಒರೆಸುವ ಮುನ್ನ: ಧ್ರುವ ಸಮುದ್ರದಿಂದ ಬಂದ ಸೆನ್ಸರ್‌ಗಳಲ್ಲಿ ಜೈವಿಕ ಪೊರೆಯ ದೋಷವನ್ನು ಪತ್ತೆಹಚ್ಚುವ ಕ್ರಮ

ಉತ್ತರ ಧ್ರುವ ಪ್ರದೇಶದ ಸಮುದ್ರದಲ್ಲಿ ಒಂದು ವರ್ಷ ಮುಳುಗಿದ್ದು ಬೆಂಗಳೂರಿನ ಕೆಲಸದ ಮೇಜಿಗೆ ಮರಳುವ ಉಪಕರಣಗಳ ಜೊತೆ ಬರುವ ದೂರುಗಳಲ್ಲಿ ಒಂದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು ಬಹಳ ವಿರಳವಾಗುವುದರಿಂದ ಕ್ಲೋರೋಫಿಲ್ ಅಳೆಯುವ ಫ್ಲೋರೋಮೀಟರಿನ ರೇಖೆ ಸೊನ್ನೆಯ ಸಮೀಪಕ್ಕೆ ಇಳಿದು ಅಲ್ಲೇ ನಿಲ್ಲಬೇಕು. ಆದರೆ ರೇಖೆ ಇಳಿಯಲಿಲ್ಲ ಎಂಬುದು ದೂರು. ಬೇಸಿಗೆಯಲ್ಲಿ ಏರಿದ್ದು ಚಳಿಗಾಲದ ಕತ್ತಲಿನಲ್ಲೂ ಅದೇ ಎತ್ತರದಲ್ಲಿ ನಿಂತಿದೆ, ಕೆಲವೊಮ್ಮೆ ಇನ್ನಷ್ಟು ಏರಿದೆ. ಉಪಕರಣ ಕೆಟ್ಟಿದೆಯೇ, ನೀರಿನಲ್ಲೇ ಏನೋ ವಿಶೇಷ ನಡೆದಿದೆಯೇ, ಅಥವಾ ಅಳೆಯುವ ಗಾಜಿನ ಮೇಲೆ ಸೂಕ್ಷ್ಮಜೀವಿಗಳು ಲೋಳೆಯ ಪದರ, ಎಂದರೆ ಜೈವಿಕ ಪೊರೆ, ಕಟ್ಟಿಕೊಂಡು ಮನೆಮಾಡಿವೆಯೇ ಎಂಬ ಮೂರು ಪ್ರಶ್ನೆಗಳನ್ನು ಬೇರ್ಪಡಿಸುವುದು ಈ ಬರಹದ ಕೆಲಸ.

ಮೊದಲ ಬಾರಿಗೆ ಈ ದೂರು ಬಂದಾಗ ನಾವು ಮಾಡಿದ ತಪ್ಪನ್ನು ಇಲ್ಲೇ ಹೇಳುತ್ತೇನೆ. ಗಾಜಿನ ಮೇಲೆ ಕಂದು ಬಣ್ಣದ ಜಿಡ್ಡಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿ, ಉಪಕರಣವನ್ನು ಪರೀಕ್ಷೆಗೆ ಹಾಕಿದೆವು. ಎಲ್ಲ ಅಳತೆಗಳೂ ಸರಿಯಾಗಿ ಬಂದವು. "ದೋಷ ಕಂಡುಬಂದಿಲ್ಲ" ಎಂದು ವರದಿ ಬರೆದೆವು. ಮುಂದಿನ ವರ್ಷ ಅದೇ ಉಪಕರಣ ಅದೇ ದೂರಿನೊಂದಿಗೆ ಮರಳಿತು. ಅಷ್ಟರಲ್ಲಿ ಹಿಂದಿನ ವರ್ಷದ ದತ್ತಾಂಶದಲ್ಲಿ ಎಷ್ಟು ಭಾಗ ನೀರಿನದು, ಎಷ್ಟು ಭಾಗ ಜಿಡ್ಡಿನದು ಎಂದು ಹೇಳಲು ಬೇಕಾದ ಏಕೈಕ ಪುರಾವೆಯನ್ನು ನಾವೇ ಒರೆಸಿ ಕಸದ ಬುಟ್ಟಿಗೆ ಹಾಕಿದ್ದೆವು. ಈಗ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರು ಪೆಟ್ಟಿಗೆ ತೆರೆದ ಕೂಡಲೇ, "ಸರ್, ಗಾಜಿನ್ ಮೇಲೆ ಏನೋ ಜಿಡ್ಡಿದೆ, ಒರೆಸಿ ಚೆಕ್ ಮಾಡ್ಲಾ?" ಎಂದು ಕೇಳಿದರೆ, "ಬೇಡಪ್ಪ, ಮೊದಲು ಹಾಗೇ ಇಟ್ಟು ಒಂದು ರೀಡಿಂಗ್ ತಗೋ" ಎನ್ನುತ್ತೇನೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿವರಣೆ.

ಚಳಿಯಲ್ಲಿ ಪೊರೆ ಬೆಳೆಯುವುದೆಂತು

ಬೆಂಗಳೂರಿನವರಿಗೆ ಜೈವಿಕ ಪೊರೆ ಹೊಸದಲ್ಲ. ಮನೆಯ ಸಂಪಿನ ಗೋಡೆಯನ್ನು ಬೆರಳಿನಿಂದ ಮುಟ್ಟಿದಾಗ ಸಿಗುವ ಲೋಳೆಯೂ, ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲನ್ನು ಜಾರುವಂತೆ ಮಾಡುವ ಪಾಚಿಯೂ ಅದೇ ಕುಲಕ್ಕೆ ಸೇರಿದವು. ಇಲ್ಲಿನ ಅನುಭವದಿಂದಲೇ ಒಂದು ತಪ್ಪು ಊಹೆ ಹುಟ್ಟುತ್ತದೆ: ಫ್ರಿಜ್‌ನಲ್ಲಿಟ್ಟ ಹಾಲು ಕೆಡುವುದು ತಡವಾಗುವಂತೆ, ಹೆಪ್ಪುಗಟ್ಟುವ ಅಂಚಿನಲ್ಲಿರುವ ಸಮುದ್ರದಲ್ಲಿ ಏನೂ ಬೆಳೆಯಲಾರದು ಎಂಬುದು ಆ ಊಹೆ. ಧ್ರುವ ಸಮುದ್ರದ ನೀರು ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ವರೆಗೆ ದ್ರವವಾಗಿಯೇ ಇರುತ್ತದೆ, ಮತ್ತು ಆ ಉಷ್ಣತೆಯಲ್ಲೇ ಬದುಕಲು ಒಗ್ಗಿಕೊಂಡ ಬ್ಯಾಕ್ಟೀರಿಯಾಗಳು ಅಲ್ಲಿವೆ. ಕೋಲ್‌ವೆಲಿಯಾ, ಸೈಕ್ರೊಬ್ಯಾಕ್ಟರ್, ಪೋಲಾರಿಬ್ಯಾಕ್ಟರ್, ಸೂಡೊಆಲ್ಟೆರೊಮೊನಾಸ್ ಕುಲದವು ಧ್ರುವ ಸಮುದ್ರಗಳ ನೀರಿನಲ್ಲಿ, ಮಂಜುಗಡ್ಡೆಯಲ್ಲಿ ಮತ್ತು ಮುಳುಗಿದ ಮೇಲ್ಮೈಗಳಲ್ಲಿ ಪದೇ ಪದೇ ಸಿಗುತ್ತವೆ.

ಮುಳುಗಿದ ಗಾಜಿಗೆ ಮೊದಲು ಅಂಟುವುದು ಜೀವಿಯಲ್ಲ. ನೀರಿನಲ್ಲಿ ಕರಗಿರುವ ಪ್ರೋಟೀನು ಮತ್ತು ಸಕ್ಕರೆಯ ಸರಪಳಿಗಳು ನಿಮಿಷಗಳಲ್ಲೇ ತೆಳುವಾದ ಲೇಪವೊಂದನ್ನು ಹಾಕುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾಗಳು ಕೂರುತ್ತವೆ. ಪೋಷಕಾಂಶ ವಿರಳವಾದ ಸಮುದ್ರದ ನೀರಿನಲ್ಲಿ ಘನ ಮೇಲ್ಮೈಯೊಂದು ಸಿಕ್ಕರೆ ಬ್ಯಾಕ್ಟೀರಿಯಾಗಳ ಚಟುವಟಿಕೆ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಸಾಗರ ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಝೋಬೆಲ್ 1943ರಲ್ಲೇ ತೋರಿಸಿದ್ದರು. ಕುಳಿತ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯನ್ನು ಸ್ರವಿಸಿ ಅಂಟಿಕೊಳ್ಳುತ್ತವೆ. ಆ ಲೋಳೆಯೇ ಮಂಜಿನ ಹರಳುಗಳಿಂದಲೂ ಉಪ್ಪಿನ ಏರಿಳಿತದಿಂದಲೂ ಅವುಗಳನ್ನು ಕಾಯುತ್ತದೆ. ಬಳಿಕ ಬೆಳಕಿರುವ ಆಳದಲ್ಲಿ ಡಯಾಟಮ್‌ಗಳು, ಎಂದರೆ ಸಿಲಿಕಾದ ಚಿಪ್ಪಿರುವ ಏಕಕೋಶ ಪಾಚಿಗಳು, ಬಂದು ನೆಲಸುತ್ತವೆ. ಉಷ್ಣವಲಯದಲ್ಲಿ ಕೆಲವೇ ದಿನಗಳಲ್ಲಿ ಮುಗಿಯುವ ಈ ಕ್ರಮ ಅಲ್ಲಿ ವಾರಗಳನ್ನು, ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಆದರೆ ಉಪಕರಣವೂ ಅಲ್ಲಿ ಇಡೀ ವರ್ಷ ಇರುತ್ತದೆ.

ದೋಷ ಪತ್ತೆಗೆ ಇದರಿಂದ ಸಿಗುವ ಸೂತ್ರ ಒಂದಿದೆ: ಅಲ್ಲಿ ಪೊರೆಯ ಬೆಳವಣಿಗೆಗೆ ಲಗಾಮು ಹಾಕುವುದು ಚಳಿಗಿಂತ ಹೆಚ್ಚಾಗಿ ಬೆಳಕು. ಆದ್ದರಿಂದ ದತ್ತಾಂಶವನ್ನು ಉಷ್ಣತೆಯ ರೇಖೆಯ ಪಕ್ಕದಲ್ಲಿಟ್ಟು ಓದುವುದಕ್ಕಿಂತ ಮುಂಚೆ ಸೂರ್ಯನ ಪಂಚಾಂಗದ ಪಕ್ಕದಲ್ಲಿಟ್ಟು ಓದಬೇಕು.

ದತ್ತಾಂಶದಲ್ಲಿ ಏನನ್ನು ಹುಡುಕಬೇಕು

ಉದಾಹರಣೆಗೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಕಾಂಗ್ಸ್‌ಫ್ಯೋರ್ಡನ್ ಫಿಯೋರ್ಡನ್ನು, ಎಂದರೆ ಹಿಮನದಿ ಕೊರೆದ ಕಿರಿದಾದ ಕೊಲ್ಲಿಯನ್ನು, ತೆಗೆದುಕೊಳ್ಳುತ್ತೇನೆ. ಅದರ ದಡದ ನೀ-ಆಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಕೇಂದ್ರವಿದೆ; 2014ರ ಜುಲೈನಲ್ಲಿ ಅದೇ ಫಿಯೋರ್ಡಿನಲ್ಲಿ ಸುಮಾರು 192 ಮೀಟರ್ ಆಳದ ಜಾಗದಲ್ಲಿ ಇಂಡ್‌ಆರ್ಕ್ ಎಂಬ ಲಂಗರು ಹಾಕಿದ ವೀಕ್ಷಣಾಲಯವನ್ನು ಇಳಿಸಲಾಯಿತು. ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದ ಈ ಜಾಗದಲ್ಲಿ ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದಿಲ್ಲ. ಅಕ್ಟೋಬರ್ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಏಳುವುದಿಲ್ಲ. ಇಂತಹ ಜಾಗದ ದತ್ತಾಂಶವನ್ನು ತೆರೆದಾಗ ನಾನು ಮೊದಲು ನೋಡುವುದು ಏರಿಕೆ ಯಾವಾಗ ಆರಂಭವಾಯಿತು ಎಂಬುದನ್ನು. ವಸಂತದಲ್ಲಿ ತೇಲುವ ಪಾಚಿಗಳು ಹಠಾತ್ತನೆ ಹೆಚ್ಚಿ, ಪೋಷಕಾಂಶ ತೀರಿದ ಮೇಲೆ ಇಳಿಯುತ್ತವೆ. ಅದು ನೀರಿನ ನಿಜವಾದ ಸಂಗತಿ. ಆ ಏರಿಳಿತದ ಬುಡದಲ್ಲಿ ಇನ್ನೊಂದು ನಿಧಾನವಾದ ಏರಿಕೆ ಸೇರಿಕೊಂಡು, ಮೇಲಿನ ಉಬ್ಬು ಇಳಿದ ಮೇಲೂ ಕೆಳಗಿನ ತಳ ಇಳಿಯದಿದ್ದರೆ, ಗಾಜಿನ ಮೇಲೆ ಏನೋ ಕುಳಿತಿದೆ ಎಂದು ಅನುಮಾನಿಸಬೇಕು. ಧ್ರುವ ಪ್ರದೇಶದ ಡಯಾಟಮ್‌ಗಳು ತಿಂಗಳುಗಟ್ಟಲೆ ಕತ್ತಲನ್ನು ತಾಳಿಕೊಂಡು ತಮ್ಮ ಕ್ಲೋರೋಫಿಲ್ಲನ್ನು ಉಳಿಸಿಕೊಳ್ಳಬಲ್ಲವು. ಹಾಗಾಗಿ ಗಾಜಿಗೆ ಅಂಟಿದವು ಧ್ರುವ ರಾತ್ರಿಯಲ್ಲೂ ನೀಲಿ ಬೆಳಕಿಗೆ ಕೆಂಪಾಗಿ ಹೊಳೆಯುತ್ತಲೇ ಇರುತ್ತವೆ, ಫ್ಲೋರೋಮೀಟರ್ ಆ ಹೊಳಪನ್ನು ನೀರಿನದೆಂದು ಬರೆದಿಡುತ್ತದೆ.

ಒಂದೇ ಸೆನ್ಸರಿನ ಸಾಕ್ಷ್ಯವನ್ನು ನಂಬಬಾರದು. ಬೆಳಕಿನ ಕಿರಣ ನೀರನ್ನು ಹಾದು ಎಷ್ಟು ಉಳಿಯಿತೆಂದು ಅಳೆಯುವ ಟ್ರಾನ್ಸ್‌ಮಿಸೋಮೀಟರಿನಲ್ಲಿ ಪೊರೆ ಬೆಳೆದಂತೆ ಅಳತೆ ನಿಧಾನವಾಗಿ ಇಳಿಯುತ್ತದೆ. ನೀರಿನ ಕದಡನ್ನು ಹಿಂಚದುರಿದ ಬೆಳಕಿನಿಂದ ಅಳೆಯುವ ಸೆನ್ಸರಿನಲ್ಲಿ ಅದು ಏರುತ್ತದೆ, ಮತ್ತು ಪೊರೆಯ ಎಳೆಗಳು ಸಡಿಲಗೊಂಡು ಪ್ರವಾಹಕ್ಕೆ ಅಲ್ಲಾಡತೊಡಗಿದ ಮೇಲೆ ರೇಖೆಯ ತುಂಬ ಚೂಪಾದ ಮುಳ್ಳುಗಳು ಕಾಣಿಸುತ್ತವೆ. ವಿದ್ಯುತ್ ವಾಹಕತೆಯನ್ನು ವಿದ್ಯುದ್ವಾರಗಳಿರುವ ಕೊಳವೆಯಲ್ಲಿ ಅಳೆಯುವ ಸೆನ್ಸರಿನಲ್ಲಿ ಪೊರೆ ಕೊಳವೆಯ ಒಳಜಾಗವನ್ನು ಕಿರಿದಾಗಿಸುವುದರಿಂದ ಲವಣಾಂಶ ಇದ್ದುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಇಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಬೇಸಿಗೆಯಲ್ಲಿ ಹಿಮನದಿಗಳ ಕರಗಿದ ನೀರು ಸೇರಿ ಮೇಲ್ಪದರದ ಲವಣಾಂಶ ನಿಜವಾಗಿಯೂ ಇಳಿಯುತ್ತದೆ. ಪೊರೆಯಿಂದಾದ ಇಳಿಕೆ ಮಾತ್ರ ಚಳಿಗಾಲದಲ್ಲಿ ಮೇಲಿನ ಮತ್ತು ಕೆಳಗಿನ ನೀರು ಬೆರೆತ ಮೇಲೂ ಉಳಿದುಕೊಳ್ಳುತ್ತದೆ. ಆಳದಲ್ಲಿ ಇನ್ನೊಂದು ವಾಹಕತಾ ಸೆನ್ಸರ್ ಇದ್ದರೆ, ಅಥವಾ ಉಪಕರಣವನ್ನು ಎತ್ತುವ ದಿನ ದೋಣಿಯಿಂದ ಇಳಿಸಿದ ಸಿಟಿಡಿಯ (ವಾಹಕತೆ, ಉಷ್ಣತೆ, ಆಳ ಮೂರನ್ನೂ ಅಳೆಯುವ ಉಪಕರಣದ) ಅಳತೆ ಇದ್ದರೆ, ಈ ಎರಡನ್ನು ಬೇರ್ಪಡಿಸಲು ಹತ್ತು ನಿಮಿಷ ಸಾಕು.

ಕರಗಿದ ಆಮ್ಲಜನಕವನ್ನು ಅಳೆಯುವ ಆಪ್ಟೋಡ್ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಅದರ ಮುಖದ ಮೇಲೆ ಜೀವಂತ ಪೊರೆಯಿದ್ದರೆ ಅದು ಹಗಲಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತದೆ, ರಾತ್ರಿ ಬಳಸಿಕೊಳ್ಳುತ್ತದೆ. ನೀರಿನಲ್ಲಿ ಇಲ್ಲದ ದೈನಂದಿನ ಏರಿಳಿತವೊಂದು ಅಳತೆಯಲ್ಲಿ ಮೂಡುತ್ತದೆ. ನಮ್ಮ ಊರಿನ ಕೆರೆಯಲ್ಲಾದರೆ ಇದನ್ನು ವರ್ಷದ ಯಾವ ದಿನ ಬೇಕಾದರೂ ನೋಡಬಹುದು. ಧ್ರುವದಲ್ಲಿ ಬೇಸಿಗೆಯಿಡೀ ಬೆಳಕು, ಚಳಿಗಾಲವಿಡೀ ಕತ್ತಲೆ. ಆದ್ದರಿಂದ ದೈನಂದಿನ ಏರಿಳಿತ ಇಲ್ಲವೆಂಬ ಮಾತ್ರಕ್ಕೆ ಪೊರೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಹಗಲು ಮತ್ತು ಇರುಳು ಎರಡೂ ಇರುವ ಕಿಟಕಿಗಳು ಎರಡೇ, ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಒಂದು, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಇನ್ನೊಂದು. ಮೇಲ್ಪದರದ ಸೆನ್ಸರುಗಳ ಸೆಪ್ಟೆಂಬರ್ ದತ್ತಾಂಶವನ್ನು ಬಿಡಿಸಿ ನೋಡದೆ ಯಾವ ತೀರ್ಪನ್ನೂ ಬರೆಯಬೇಡಿರೆಂದು ನಾನು ಒತ್ತಿ ಹೇಳುತ್ತೇನೆ.

ಪೊರೆಯಂತೆ ಕಾಣುವ ಬೇರೆ ದೋಷಗಳು

ಮಂಜುಗಡ್ಡೆಯನ್ನು ಮೊದಲು ತಳ್ಳಿಹಾಕಬೇಕು. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಸೌಂಡ್‌ನಲ್ಲಿ ಸಮುದ್ರ ಪರಿಸರ ವಿಜ್ಞಾನಿ ಪಾಲ್ ಡೇಟನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಅಧ್ಯಯನ ಮಾಡಿದಂತೆ, ಅತಿಶೀತ ನೀರಿನಿಂದ ಸಮುದ್ರತಳದಲ್ಲೇ ಸುಮಾರು 30 ಮೀಟರ್ ಆಳದವರೆಗೆ ಮಂಜು ಕಟ್ಟಿಕೊಳ್ಳುತ್ತದೆ, ಮತ್ತು ಸಾಕಷ್ಟು ಬೆಳೆದಾಗ ತಾನು ಹಿಡಿದ ವಸ್ತುವನ್ನೂ ಮೇಲಕ್ಕೆ ಎತ್ತಬಲ್ಲದು. ಉಪಕರಣದ ಮೇಲೆ ಇಂತಹ ಮಂಜು ಕಟ್ಟಿದರೆ ಅಳತೆ ಗಂಟೆಗಳಲ್ಲಿ ಹಾರುತ್ತದೆ, ಎಲ್ಲ ಸೆನ್ಸರುಗಳೂ ಒಟ್ಟಿಗೆ ಕೆಡುತ್ತವೆ, ಮತ್ತೆ ಒಮ್ಮೆಲೇ ಸರಿಯಾಗುತ್ತವೆ. ಆ ಹೊತ್ತಿನ ಉಷ್ಣತೆ ಹೆಪ್ಪುಗಟ್ಟುವ ಬಿಂದುವಿನಲ್ಲಿರುತ್ತದೆ. ಜೈವಿಕ ಪೊರೆ ಒಂದು ಗಂಟೆಯಲ್ಲಿ ಬಂದು ಇನ್ನೊಂದು ಗಂಟೆಯಲ್ಲಿ ಹೋಗುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ನುಗ್ಗುವ ಫಿಯೋರ್ಡುಗಳಲ್ಲಿ ಚಳಿಗಾಲದಲ್ಲೂ ಉಷ್ಣತೆ ಸೊನ್ನೆಗಿಂತ ಮೇಲಿರಬಹುದು; ಉಷ್ಣತೆಯ ದಾಖಲೆ ಹಾಗೆ ಹೇಳಿದರೆ ಮಂಜಿನ ವಾದವನ್ನು ಅಲ್ಲಿಗೇ ಬಿಡಬಹುದು.

ಹಿಮನದಿಯ ಹೂಳು ಇದಕ್ಕಿಂತ ಕಷ್ಟದ ಎದುರಾಳಿ. ಕಾಂಗ್ಸ್‌ಫ್ಯೋರ್ಡನ್‌ನ ಒಳತುದಿಯಲ್ಲಿ ಕ್ರೋನೆಬ್ರೀನ್‌ನಂತಹ ಹಿಮನದಿಗಳು ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ, ಬೇಸಿಗೆಯಲ್ಲಿ ಅವುಗಳ ಬಾಯಿಯಿಂದ ಕೆಂಪು ಮಿಶ್ರಿತ ಕಂದು ರಾಡಿ ಹರಡುತ್ತದೆ. ಈ ಹೂಳು ಬೇಸಿಗೆಯಲ್ಲೇ ಬರುವುದರಿಂದ ಸೂರ್ಯನ ಪಂಚಾಂಗ ಇಲ್ಲಿ ನೆರವಿಗೆ ಬರುವುದಿಲ್ಲ; ಸಾಲದ್ದಕ್ಕೆ ಪೊರೆಯ ಲೋಳೆಯೇ ಹೂಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಎರಡೂ ಒಟ್ಟಿಗೇ ಸಿಗುವುದು ಹೆಚ್ಚು. ಒಂದು ಸುಳಿವೆಂದರೆ, ಬರೀ ಹೂಳು ಮೇಲ್ಮುಖವಾದ ಗಾಜಿನ ಮೇಲೆ ಮಾತ್ರ ಕೂರುತ್ತದೆ, ಬ್ಯಾಕ್ಟೀರಿಯಾಗಳ ಪೊರೆ ಕೆಳಮುಖವಾದ ಗಾಜಿನ ಮೇಲೂ ಬೆಳೆಯುತ್ತದೆ.

ಬ್ಯಾಟರಿಯ ವೋಲ್ಟೇಜ್ ದಾಖಲೆಯನ್ನು ನೋಡುವುದು ಎರಡು ನಿಮಿಷದ ಕೆಲಸ, ನೋಡಿಬಿಡಿ. ಎಲ್‌ಇಡಿಯ ವಿಷಯದಲ್ಲಿ ಸ್ವಲ್ಪ ತಡೆಯಬೇಕು: ಉಷ್ಣತೆ ಇಳಿದಂತೆ ಎಲ್‌ಇಡಿಯ ಬೆಳಕು ಸಾಮಾನ್ಯವಾಗಿ ಹೆಚ್ಚುತ್ತದೆ, ಆದ್ದರಿಂದ 25 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಮಾಡಿದ ಕ್ಯಾಲಿಬ್ರೇಷನ್ನನ್ನು ಸೊನ್ನೆ ಡಿಗ್ರಿಯ ನೀರಿಗೆ ಹಾಗೆಯೇ ಅನ್ವಯಿಸಿದರೆ ಪೊರೆ ಇಲ್ಲದೆಯೂ ತಪ್ಪು ಕಾಣಿಸುತ್ತದೆ. ಆಪ್ಟೋಡಿನ ಸ್ಪಂದನೆಯೂ ಚಳಿಯಲ್ಲಿ ತಾನಾಗಿಯೇ ನಿಧಾನವಾಗುತ್ತದೆ. ಸೊನ್ನೆ ಡಿಗ್ರಿಯ ನೀರಿನ ಸ್ನಿಗ್ಧತೆ, ಎಂದರೆ ಹರಿಯಲು ಅದು ಒಡ್ಡುವ ತಡೆ, 25 ಡಿಗ್ರಿಯ ನೀರಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಈ ನಿಧಾನಕ್ಕೆ ಕಾರಣ ಪೊರೆಯೆಂದು ಹೇಳುವ ಮುನ್ನ ಸ್ವಚ್ಛವಾದ ಸೆನ್ಸರನ್ನು ತಣ್ಣನೆಯ ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ಹೋಲಿಸಬೇಕು.

ಮೇಜಿನ ಮೇಲೆ: ಕೊಳೆಯ ಸಮೇತ ಅಳತೆ

ನಿಜವಾದ ಪರೀಕ್ಷೆ ಇಲ್ಲಿದೆ. ಇದರ ಅರ್ಧ ಭಾಗ ಬೆಂಗಳೂರಿನಲ್ಲಲ್ಲ, ಉಪಕರಣವನ್ನು ನೀರಿನಿಂದ ಎತ್ತಿದ ದೋಣಿಯ ಮೇಲೆ ನಡೆಯಬೇಕು. ಎತ್ತಿದ ಕೂಡಲೇ ಗಾಜು ಒದ್ದೆಯಿರುವಾಗಲೇ ಅದರ ಚಿತ್ರ ತೆಗೆಯಲು, ಗಾಜಿನ ಪಕ್ಕದ ಕವಚದಿಂದ ಸ್ವಲ್ಪ ಲೋಳೆಯನ್ನು ಸ್ಟೆರೈಲ್ ಸ್ವ್ಯಾಬ್‌ನಿಂದ ತೆಗೆದು ಸೋಸಿದ ಸಮುದ್ರದ ನೀರಿನಲ್ಲಿ ತಯಾರಿಸಿದ, ಕೋಶಗಳನ್ನು ಕೆಡದಂತೆ ಕಾಯುವ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೆ ಹಾಕಲು, ಮತ್ತು ಗಾಜಿಗೆ ಏನೂ ತಗುಲದಂತೆ ಮುಚ್ಚಳ ಹಾಕಲು ಅಲ್ಲಿನ ತಂಡಕ್ಕೆ ಮೊದಲೇ ಬರೆದು ತಿಳಿಸಿರಬೇಕು. ನಲ್ಲಿ ನೀರಿನಿಂದ ತೊಳೆಯಬಾರದೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ: ಉಪ್ಪುನೀರಿನ ಜೀವಕೋಶಗಳು ಸಿಹಿನೀರಿಗೆ ಬಿದ್ದರೆ ಉಬ್ಬಿ ಒಡೆಯುತ್ತವೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣಲು ಏನೂ ಉಳಿಯುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಪೆಟ್ಟಿಗೆಯನ್ನು ತೆರೆಯಲು ಆತುರಪಡಬೇಡಿ. ಮಳೆಗಾಲದಲ್ಲಿ ಶೀತಲ ಪೆಟ್ಟಿಗೆಯಿಂದ ತೆಗೆದ ಗಾಜಿನ ಮೇಲೆ ಕ್ಷಣದಲ್ಲಿ ಇಬ್ಬನಿ ಕೂರುತ್ತದೆ, ಅದು ಪೊರೆಯ ಅಂಚನ್ನು ಕದಡುತ್ತದೆ. ಮೊದಲು ಕತ್ತಲಿನ ಅಳತೆಯನ್ನು ತೆಗೆದುಕೊಳ್ಳಬೇಕು. ಸೆನ್ಸರಿನ ಗ್ರಾಹಕ ಭಾಗವನ್ನು ಕಪ್ಪು ಟೇಪಿನಿಂದ ಮುಚ್ಚಿದಾಗಲೂ ಅಳತೆ ಹೆಚ್ಚಾಗಿದ್ದರೆ ದೋಷ ಎಲೆಕ್ಟ್ರಾನಿಕ್ಸಿನಲ್ಲಿದೆ, ಮುಂದಿನ ಪರೀಕ್ಷೆಗಳ ದಾರಿಯೇ ಬೇರೆ. ಟೇಪು ಗಾಜಿನ ಅಂಚಿಗೆ ಮಾತ್ರ ಅಂಟಬೇಕು, ಪೊರೆಗೆ ತಗುಲಬಾರದು. ಕತ್ತಲಿನ ಅಳತೆ ಸರಿಯಿದ್ದರೆ, ಕೊಳೆಯ ಸಮೇತವಾಗಿಯೇ ಉಪಕರಣವನ್ನು ಸೋಸಿದ, ಶೇಕಡಾ 3.5ರಷ್ಟು ಉಪ್ಪಿರುವ, ಸೊನ್ನೆ ಡಿಗ್ರಿಯ ಸಮೀಪಕ್ಕೆ ತಂಪಾಗಿಸಿದ ನೀರಿನಲ್ಲಿ ಇಟ್ಟು ಅಳತೆ ತೆಗೆಯಿರಿ. ಬಳಿಕ ಮಾದರಿ ತೆಗೆದು, ಗಾಜನ್ನು ಮೃದುವಾಗಿ ಸ್ವಚ್ಛಗೊಳಿಸಿ, ಅದೇ ನೀರಿನಲ್ಲಿ ಮತ್ತೆ ಅಳತೆ ತೆಗೆಯಿರಿ. ಮೊದಲ ಮತ್ತು ಎರಡನೆಯ ಅಳತೆಗಳ ನಡುವಿನ ವ್ಯತ್ಯಾಸ ಪೊರೆಯ ಪಾಲು. ಎರಡನೆಯದಕ್ಕೂ ಸಮುದ್ರಕ್ಕೆ ಇಳಿಸುವ ಮುಂಚಿನ ಕ್ಯಾಲಿಬ್ರೇಷನ್‌ಗೂ ಇರುವ ವ್ಯತ್ಯಾಸ ಉಪಕರಣದ ಸ್ವಂತ ಪಾಲು. ಈ ಎರಡು ಅಂಕಿಗಳಿಲ್ಲದ ವರದಿ ಎಷ್ಟು ಪುಟಗಳಿದ್ದರೂ ಅಪೂರ್ಣ.

ಸ್ವಚ್ಛಗೊಳಿಸುವ ಮೊದಲು ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಒಂದು ಪರೀಕ್ಷೆ ನನಗೆ ಬಹಳ ಪ್ರಿಯ. ಕೋಣೆಯನ್ನು ಕತ್ತಲು ಮಾಡಿ, ಎಸ್.ಪಿ. ರಸ್ತೆಯಲ್ಲಿ ಸಿಗುವಂತಹ ಪ್ರಬಲವಾದ ನೀಲಿ ಎಲ್‌ಇಡಿಯ ಬೆಳಕನ್ನು ಗಾಜಿನ ಮೇಲೆ ಓರೆಯಾಗಿ ಬಿಟ್ಟು, ಗಾಢ ಕೆಂಪು ಫಿಲ್ಟರ್ ಹಾಳೆಯ ಮೂಲಕ ನೋಡಿರಿ. ಕ್ಲೋರೋಫಿಲ್ ಉಳಿದಿದ್ದರೆ ಗಾಜಿನ ಮೇಲೆ ಕೆಂಪು ಚುಕ್ಕೆಗಳು ಹೊಳೆಯುತ್ತವೆ. ಹೂಳು ಹೊಳೆಯುವುದಿಲ್ಲ, ಒಣಗಿದ ಉಪ್ಪೂ ಹೊಳೆಯುವುದಿಲ್ಲ. ಹೊಳಪಿಲ್ಲದಿದ್ದರೆ ಪೊರೆಯಿಲ್ಲವೆಂದು ಅರ್ಥವಲ್ಲ, ಏಕೆಂದರೆ ಬೆಳಕು ತಲುಪದ ಆಳದಿಂದ ಬಂದ ಪೊರೆ ಬರೀ ಬ್ಯಾಕ್ಟೀರಿಯಾಗಳದ್ದಾಗಿರಬಹುದು. ಆಗ ಗಾಜಿನ ಬದಲು ಕವಚದಿಂದ ಕೆರೆದ ಮಾದರಿಗೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ನೋಡುವುದು ರೂಢಿ. ನೇರಳೆ ಬಣ್ಣ ಹಿಡಿದ ಮಾತ್ರಕ್ಕೆ ಪೊರೆಯೆಂದು ಬರೆಯಬಾರದು. ಜೇಡಿಮಣ್ಣಿನ ಕಣಗಳೂ ಆ ಬಣ್ಣವನ್ನು ಹೀರಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳ ಆಕಾರವನ್ನೂ ಡಯಾಟಮ್‌ಗಳ ಚಿಪ್ಪನ್ನೂ ಕಣ್ಣಾರೆ ಕಂಡ ಮೇಲೆಯೇ ಬರೆಯಬೇಕು. ಮಾದರಿ ಸಾಕಷ್ಟಿದ್ದರೆ ಒಣಗಿಸಿ ತೂಗಿ, 550 ಡಿಗ್ರಿಯ ಕುಲುಮೆಯಲ್ಲಿಟ್ಟು ಮತ್ತೆ ತೂಗಿದರೆ ಸುಟ್ಟುಹೋದ ಭಾಗ ಹೆಚ್ಚುಕಡಿಮೆ ಸಾವಯವ, ಉಳಿದದ್ದು ಹೂಳು ಮತ್ತು ಚಿಪ್ಪು.

ತುಕ್ಕು ತಡೆಯುವ ಸತುವಿನ ಆನೋಡ್ ಇರುವ ಉಪಕರಣಗಳ ಲೋಹದ ಭಾಗದಲ್ಲಿ ಬಿಳಿ ಗಟ್ಟಿ ಪದರ ಕಂಡರೆ, ಅದು ಬೋರ್‌ವೆಲ್ ನೀರಿನಿಂದ ಗೀಸರಿನೊಳಗೆ ಕಟ್ಟುವ ಬಿಳಿ ಪದರದ ಬಂಧು. ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿಗೆ ಗುಳ್ಳೆ ಬಂದರೆ ಅದು ಪೊರೆಯಲ್ಲ, ಸುಣ್ಣದ ಪದರ; ಅಲ್ಲಿಗೆ ಬಿಡಿ.

ಅಗರ್ ತಟ್ಟೆಯ ಮೋಸ

ಪೊರೆಯಲ್ಲಿ ಯಾವ ಬ್ಯಾಕ್ಟೀರಿಯಾ ಇತ್ತು ಎಂದು ತಿಳಿಯಲು ಮಾದರಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಹಚ್ಚಿ, ಇಲ್ಲಿನ ಕೋಣೆಯಲ್ಲೇ ಎರಡು ದಿನ ಇಟ್ಟು, ಬೆಳೆದದ್ದನ್ನು ಧ್ರುವದ ಬ್ಯಾಕ್ಟೀರಿಯಾ ಎಂದು ವರದಿ ಮಾಡಿದವರನ್ನು ನಾನು ಕಂಡಿದ್ದೇನೆ. ಸೂಕ್ಷ್ಮಜೀವಿ ವಿಜ್ಞಾನಿ ರಿಚರ್ಡ್ ಮೊರಿಟಾ 1975ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ನಿಜವಾದ ಶೀತಪ್ರಿಯ ಜೀವಿಗಳು 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಸುಮಾರು 20 ಡಿಗ್ರಿಯ ಮೇಲೆ ಬೆಳೆಯುವುದೇ ಇಲ್ಲ. ಬೆಂಗಳೂರಿನ ಹವೆ ಎಷ್ಟೇ ಹಿತವಾಗಿದ್ದರೂ ಹಗಲಿನ ಕೋಣೆ ವರ್ಷದ ಹೆಚ್ಚು ಕಾಲ ಆ ಮಿತಿಯನ್ನು ಮೀರಿರುತ್ತದೆ. ಹಾಗಾಗಿ ಆ ತಟ್ಟೆಯಲ್ಲಿ ಬೆಳೆದದ್ದು ಬಹುಪಾಲು ನಮ್ಮ ಕೈಯಿಂದ, ಗಾಳಿಯಿಂದ ಬಂದದ್ದು. ತಟ್ಟೆಗಳನ್ನು 4 ಡಿಗ್ರಿಯಲ್ಲಿ ವಾರಗಟ್ಟಲೆ ಇಡಬೇಕು. ಮಾದರಿಯನ್ನು ವಿಮಾನ ನಿಲ್ದಾಣದಿಂದ ಪ್ರಯೋಗಾಲಯದವರೆಗಿನ ಟ್ರಾಫಿಕ್ಕಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಐಸ್ ಹಾಕಿಯೇ ತರಬೇಕು. ಅಷ್ಟು ಕಾಯಲು ಆಗದವರು ತಟ್ಟೆಯನ್ನು ಬಿಟ್ಟು ಸೂಕ್ಷ್ಮದರ್ಶಕಕ್ಕೇ ಹೋಗುವುದು ಉತ್ತಮ.

ದತ್ತಾಂಶವನ್ನು ತಿದ್ದುವಾಗ

ಪೊರೆಯ ಪಾಲು ಎಷ್ಟೆಂದು ಗೊತ್ತಾದ ಮೇಲೆ ಅದನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿ ಕಳೆಯುವುದು ಸುಲಭ, ಆದರೆ ತಪ್ಪು. ಮೇಲ್ಪದರದ ಸೆನ್ಸರಿನಲ್ಲಿ ಪೊರೆಯ ಹೆಚ್ಚಿನ ಭಾಗ ಬೆಳಕಿನ ತಿಂಗಳುಗಳಲ್ಲಿ ಬೆಳೆದಿರುತ್ತದೆ, ಕತ್ತಲಿನ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಧ್ರುವ ರಾತ್ರಿಯ ಅಳತೆಯ ತಳವನ್ನು ಒಂದು ಗೂಟವಾಗಿ, ಕೊಳೆಯ ಸಮೇತ ತೆಗೆದ ಅಳತೆಯನ್ನು ಇನ್ನೊಂದು ಗೂಟವಾಗಿ ಇಟ್ಟುಕೊಂಡು ಅವುಗಳ ನಡುವೆ ರೇಖೆ ಎಳೆಯಬೇಕು. ಜೋರಾದ ಪ್ರವಾಹಕ್ಕೆ ಪೊರೆಯ ಒಂದು ಭಾಗ ಕಿತ್ತುಹೋದ ದಿನ ಅಳತೆ ಒಮ್ಮೆಲೇ ಇಳಿದಿರುತ್ತದೆ. ಅಂತಹ ಮೆಟ್ಟಿಲು ಸಿಕ್ಕಿದರೆ ರೇಖೆಯನ್ನು ಅಲ್ಲಿ ಮುರಿದು ಹೊಸದಾಗಿ ಆರಂಭಿಸಿರಿ. ತಿದ್ದಲಾಗದ ಭಾಗವನ್ನು ತಿದ್ದಲಾಗದೆಂದು ಗುರುತು ಹಾಕಿ ಬಿಡುವುದು ನಾಳೆ ಈ ದತ್ತಾಂಶವನ್ನು ಬಳಸುವವರಿಗೆ ಮಾಡುವ ಉಪಕಾರ.

ಮತ್ತೆ ಇಳಿಸುವ ಮುನ್ನ

ಗಾಜನ್ನು ಒರೆಸುವ ಯಾಂತ್ರಿಕ ಕುಂಚ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಚಳಿಗೆ ಅದರ ರಬ್ಬರು ಬಿರುಸಾಗುತ್ತದೆ, ಹೂಳಿನ ಕಣ ಸಿಕ್ಕಿಕೊಂಡರೆ ಗಾಜನ್ನೇ ಗೀರುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಆದ್ದರಿಂದ ಅದನ್ನು ಬೆಳಕಿನ ತಿಂಗಳುಗಳಲ್ಲಿ ಹೆಚ್ಚಾಗಿ, ಕತ್ತಲಿನಲ್ಲಿ ಅಪರೂಪಕ್ಕೆ ಓಡುವಂತೆ ಹೊಂದಿಸುವುದು ಒಳ್ಳೆಯದು. ಸೆನ್ಸರಿನ ಮುಖದ ಸುತ್ತ ತಾಮ್ರದ ಕವಚ ಹಾಕುವುದು ಹಳೆಯ, ನಂಬಬಹುದಾದ ಉಪಾಯ. ಆದರೆ ತಾಮ್ರವನ್ನು ಅಲ್ಯೂಮಿನಿಯಂ ಕವಚಕ್ಕೆ ನೇರವಾಗಿ ತಾಗಿಸಿದರೆ ಅಲ್ಯೂಮಿನಿಯಂ ಸವೆದು ತೂತುಬೀಳುತ್ತದೆ, ನಡುವೆ ಪ್ಲಾಸ್ಟಿಕ್ ವಾಷರ್ ಇರಲೇಬೇಕು. ಹಡಗುಗಳ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯುಟೈಲ್‌ಟಿನ್ ಬಣ್ಣವನ್ನು ಅದರ ವಿಷದ ಕಾರಣ 2008ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಧ್ರುವದಂತಹ ಸೂಕ್ಷ್ಮ ನೀರಿಗೆ ಅಂತಹ ವಸ್ತುವನ್ನು ಸಣ್ಣ ಪ್ರಮಾಣದಲ್ಲೂ ಒಯ್ಯಬಾರದೆಂಬುದು ನನ್ನ ದೃಢ ನಿಲುವು. ವಿದ್ಯುತ್ತಿನ ಲೆಕ್ಕ ಹೊಂದುವುದಾದರೆ ನೇರಳಾತೀತ ಎಲ್‌ಇಡಿ ಅದಕ್ಕಿಂತ ಎಷ್ಟೋ ಮೇಲು.

ಸೆನ್ಸರಿನ ಮುಖವನ್ನು ಪಕ್ಕಕ್ಕೆ ಅಥವಾ ಕೆಳಕ್ಕೆ ತಿರುಗಿಸಿ ಕೂರಿಸಿರಿ. ಹೂಳೂ ಮುಳುಗುವ ಡಯಾಟಮ್‌ಗಳೂ ಅರ್ಧ ಅಲ್ಲೇ ತಪ್ಪುತ್ತವೆ. ಇನ್ನೂ ಒಂದು ಕೆಲಸ ಉಳಿದಿದೆ: ಉಪಕರಣದ ಪಕ್ಕದಲ್ಲೇ, ಅದೇ ದಿಕ್ಕಿಗೆ ಮುಖಮಾಡಿ, ಅದೇ ಬಗೆಯ ಗಾಜಿನ ಮೂರು ಚಿಕ್ಕ ಫಲಕಗಳನ್ನು ಚೌಕಟ್ಟಿನಲ್ಲಿ ಕಟ್ಟಿ ಇಳಿಸಿರಿ. ಮುಂದಿನ ವರ್ಷ ಉಪಕರಣ ಮೇಲೆ ಬಂದಾಗ ಒಂದನ್ನು ದ್ರಾವಣದಲ್ಲಿ, ಒಂದನ್ನು ಐಸಿನಲ್ಲಿ, ಒಂದನ್ನು ಒಣಗಿಸಿ ತಂದರೆ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಒಂದಕ್ಕೂ ಸೆನ್ಸರಿನ ಗಾಜನ್ನು ಕೆರೆಯಬೇಕಾಗಿಲ್ಲ.